ಪೋರ್ಟ್‌ಲ್ಯಾಂಡಿನ ಲಾಬ್‌ಸ್ಟರ್ ದೋಣಿ: ಎರಡು ಇಕ್ಕಳ ನೋಡಲು ಕೊಟ್ಟ ದುಡ್ಡಿಗೆ ಮೋಸವಿಲ್ಲ

ಐದಕ್ಕೆ ನಾಲ್ಕು ಕೊಟ್ಟಿದ್ದೇನೆ. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ, ಕಮರ್ಷಿಯಲ್ ಸ್ಟ್ರೀಟ್ ಬದಿಯ ಧಕ್ಕೆಯೊಂದರಿಂದ ಹೊರಡುವ ಲಾಬ್‌ಸ್ಟರ್ ದೋಣಿಯ ಸವಾರಿ ಇದು. ಒಂದೂವರೆ ಗಂಟೆ ಕಾಸ್ಕೊ ಕೊಲ್ಲಿಯಲ್ಲಿ ಸುತ್ತಾಡಿಸಿ, ಕಣ್ಣೆದುರೇ ಬೋನು ಎತ್ತಿ, ಒಳಗೆ ಬಿದ್ದದ್ದನ್ನು ಅಳೆದು ತೋರಿಸಿ ವಾಪಸು ತಂದು ಬಿಡುತ್ತಾರೆ. ತಲೆಗೆ ನಲವತ್ತು ಚಿಲ್ಲರೆ ಡಾಲರ್. ಬಾಸ್ಟನ್ನಿನಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ತಲೆ ಕೆರೆದುಕೊಳ್ಳುವ ನ್ಯೂ ಇಂಗ್ಲೆಂಡ್ ಕನ್ನಡಿಗರು ಬಹಳ ಜನ ಇದ್ದಾರಲ್ಲ, ಅವರಿಗೆ ಅಂತಲೇ ಬರೆಯುತ್ತಿದ್ದೇನೆ. ನಾನೂ ಹಾಗೆ ಬಂದ ಅಮ್ಮನೇ. ಕುಂದಾಪುರ ಕಡೆಯವಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ದಾರಿಯಲ್ಲಿ ಸಿಗುವ ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭ 1791ರದ್ದು, ಚಂದವೇ ಉಂಟು. ಅದರ ಬಗ್ಗೆ ನನ್ನಿಂದ ಇಷ್ಟೇ. ನಾನು ಹೋದದ್ದು ಇಕ್ಕಳ ನೋಡಲಿಕ್ಕೆ, ಎಂದರೆ ಸಿಗಡಿಯ ಬಳಗದ ಈ ದೊಡ್ಡ ಪ್ರಾಣಿ ಕಚ್ಚಿ ಹಿಡಿಯುವ ಮುಂಗೈ ನೋಡಲಿಕ್ಕೆ.

ಬುಕ್ ಮಾಡುವ ಮೊದಲು ವಾರ ನೋಡಿಕೊಳ್ಳಿ. ಜೂನ್ 1ರಿಂದ ಆಗಸ್ಟ್ 31ರ ತನಕ ಶನಿವಾರ ಸಂಜೆ 4ರಿಂದ ಸೋಮವಾರ ಬೆಳಕು ಹರಿಯುವ ಹೊತ್ತಿನವರೆಗೆ ಮೇನ್‌ನಲ್ಲಿ ಯಾರೂ ಲಾಬ್‌ಸ್ಟರ್ ಬೋನು ಎತ್ತುವಂತಿಲ್ಲ, ಕಾನೂನೇ ಹಾಗೆ. ಭಾನುವಾರ ದೋಣಿ ಹತ್ತಿದರೆ ಗಾಳಿ ಮಾತ್ರ ಸಿಗುತ್ತದೆ. ನಮ್ಮ ಅಳಿಯ ಮೊದಲು ಭಾನುವಾರವೇ ಹೊರಟಿದ್ದ. ಮಗಳು ಹುಡುಕಿ ನೋಡಿ ಶುಕ್ರವಾರಕ್ಕೆ ಬದಲಾಯಿಸಿದಳು.

ದೋಣಿ ಚಿಕ್ಕದು, ನಿಜವಾದ ಮೀನುಗಾರಿಕೆ ದೋಣಿ, ಅದೇ ನನಗೆ ಹಿಡಿಸಿದ್ದು. ಬೆಂಚುಗಳು ಗಟ್ಟಿ, ಬೆನ್ನು ಒರಗಲು ಏನಿಲ್ಲ, ಮಂಡಿನೋವಿನವರಿಗೆ ಹತ್ತಿ ಇಳಿಯುವುದು ಸ್ವಲ್ಪ ಕಷ್ಟ. ಕೊಲ್ಲಿಯೊಳಗೇ ಇರುವುದರಿಂದ ಅಲೆ ಅಷ್ಟಿಲ್ಲ. ಬಂದವರಿಗೆಲ್ಲ ರಬ್ಬರಿನ ಏಪ್ರನ್ನು, ಕೈಗವಸು ಕೊಟ್ಟು ಬಲೆಯ ಚೀಲಕ್ಕೆ ಉಪ್ಪು ಹಾಕಿದ ಹೆರಿಂಗ್ ಮೀನು ತುಂಬಿಸುವ ಕೆಲಸಕ್ಕೆ ಹಚ್ಚುತ್ತಾರೆ. ಆ ನಾತಕ್ಕೆ ಪಕ್ಕದ ಬೆಂಚಿನ ಜೋಡಿ ದೋಣಿಯ ಆಚೆ ತುದಿಗೆ ಹೋಗಿ ನಿಂತಿತು. ಗಂಗೊಳ್ಳಿ ಬಂದರಿನ ಗಾಳಿ ಕುಡಿದು ಬೆಳೆದವರಿಗೆ ಇದೆಲ್ಲ ಎಂತದ್ದೂ ಅಲ್ಲ. ನನ್ನ ಬೀಗಿತ್ತಿ ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಅವರು ಮೂಗಿಗೆ ಸೆರಗು ಹಿಡಿದುಕೊಂಡೇ ಎಲ್ಲರಿಗಿಂತ ಮುಂದೆ ನಿಂತು ನೋಡಿದರು. ದೋಣಿಯಲ್ಲಿ ಯಾರೂ ಏನನ್ನೂ ಬೇಯಿಸುವುದಿಲ್ಲ, ಹಾಗಾಗಿ ಸಸ್ಯಾಹಾರಿಗಳು ಧಾರಾಳವಾಗಿ ಬರಬಹುದು.

ಬೋನು ಎಂದರೆ ತಂತಿಯ ಪೆಟ್ಟಿಗೆ. ಒಳಗೆ ಎರಡು ಕೋಣೆ. ಮೀನಿನ ಚೀಲ ಕಟ್ಟಿರುವ ಕಡೆ ಕಿಚನ್, ತಿಂದು ಮುಂದಕ್ಕೆ ಹೋಗಿ ಸಿಕ್ಕಿಬೀಳುವ ಕಡೆ ಪಾರ್ಲರ್. ಮರಿಗಳು ನುಸುಳಿ ಹೋಗಲಿ ಎಂದು ಪಕ್ಕದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಮೇನ್‌ನ ಹೆಚ್ಚಿನ ಕಡೆ ಒಬ್ಬ ಮೀನುಗಾರನಿಗೆ 800 ಬೋನುಗಳ ಮಿತಿ. ಮೇಲೆ ಬಂದದ್ದನ್ನೆಲ್ಲ ಹಿತ್ತಾಳೆಯ ಗೇಜ್ ಇಟ್ಟು ಅಳೆಯುತ್ತಾರೆ: ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಹಿಂದಿನ ಅಂಚಿಗೆ 3¼ ಇಂಚು ಇರಬೇಕು, 5 ಇಂಚು ಮೀರಬಾರದು. ಚಿಕ್ಕದೂ ನೀರಿಗೆ, ತೀರ ದೊಡ್ಡದೂ ನೀರಿಗೆ, ಹೊಟ್ಟೆಯಡಿ ಮೊಟ್ಟೆ ಹೊತ್ತದ್ದೂ ನೀರಿಗೆ. ಮೊಟ್ಟೆ ಹೊತ್ತ ಹೆಣ್ಣಿನ ಬಾಲಕ್ಕೆ ವಿ ಆಕಾರದ ಕಚ್ಚು ಹಾಕಿ ಬಿಡುತ್ತಾರೆ. ಮುಂದೆ ಮೊಟ್ಟೆ ಇಲ್ಲದಾಗ ಸಿಕ್ಕರೂ ಆ ಕಚ್ಚು ಕಂಡರೆ ಹಿಡಿಯುವಂತಿಲ್ಲ. ಮೊಮ್ಮಗನಿಗೆ ಗೇಜ್ ಕೊಟ್ಟು ಅಳೆಸಿದರು. ಅವನು ಅಳೆದದ್ದೆಲ್ಲ ಒಂದು ಕೂದಲೆಳೆಯಷ್ಟು ಚಿಕ್ಕದೇ ಆಯಿತು, ಅವನಿಗೆ ಅದನ್ನು ಎಸೆಯುವುದೇ ಖುಷಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯವರು ಲಾಬ್‌ಸ್ಟರ್ ನೋಡಿಲ್ಲ ಎಂದಲ್ಲ. ಆದರೆ ನಮ್ಮ ಕಡಲಿನದ್ದಕ್ಕೆ ಈ ದೊಡ್ಡ ಇಕ್ಕಳಗಳೇ ಇಲ್ಲ. ಉದ್ದನೆಯ ದಪ್ಪ ಮೀಸೆ, ಮೈತುಂಬ ಮುಳ್ಳು, ಅಷ್ಟೇ ಅದರ ಆಯುಧ. ಹೆಣ್ಣಿನ ಕೊನೆಯ ಜೋಡಿ ಕಾಲಿನ ತುದಿಯಲ್ಲಿ ಪುಟ್ಟ ಚಿಮುಟ ಇರುತ್ತದೆ, ಅದು ಮೊಟ್ಟೆ ಚೊಕ್ಕ ಮಾಡಿಕೊಳ್ಳಲು. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಸಿಗಡಿಯ 19 ಜೋಡಿ ಉಪಾಂಗಗಳನ್ನು ಬಿಡಿಸಿ, ಸಾಲಾಗಿ ರಟ್ಟಿಗೆ ಅಂಟಿಸಿ ಹೆಸರು ಬರೆಸುವುದು ನನ್ನ ಕೆಲಸವಾಗಿತ್ತು. ಅಲ್ಲಿ ಹೊಳೆಸಿಗಡಿಯ ಗಂಡಿಗೆ ಉದ್ದಕ್ಕೆ ಚಾಚುವ ಕೈ ಎರಡನೆಯ ಜೋಡಿ ಕಾಲಿನದ್ದು. ಅಟ್ಲಾಂಟಿಕ್ಕಿನ ಈ ಹೊಮಾರಸ್ ಅಮೆರಿಕಾನಸ್‌ಗೆ ಮೊದಲನೆಯ ಜೋಡಿಯೇ ಇಕ್ಕಳ. ಅದರ ಹಿಂದಿನ ಎರಡು ಜೋಡಿಗಳ ತುದಿಯಲ್ಲೂ ಸಣ್ಣ ಸಣ್ಣ ಚಿಮುಟ ಉಂಟು, ಕೊನೆಯ ಎರಡು ಜೋಡಿಗೆ ಇಲ್ಲ. ಲೆಕ್ಕ ಹಿಡಿದರೆ ಸಾಧಾರಣ ಲಾಬ್‌ಸ್ಟರೇ ಆರು ಚಿಮುಟದ ಪ್ರಾಣಿ. ತಟ್ಟೆಗೆ ಬರುವಾಗ ಎರಡನ್ನು ಮಾತ್ರ ಜನ ನೋಡುತ್ತಾರೆ.

ಆ ಎರಡೂ ಒಂದೇ ತರ ಇಲ್ಲ. ದೋಣಿಯ ಹುಡುಗಿ ಮೊದಲ ಲಾಬ್‌ಸ್ಟರನ್ನು ಬೆನ್ನು ಹಿಡಿದು ಎತ್ತಿದಾಗಲೇ ತೋರಿಸಿದಳು, ಚೆನ್ನಾಗಿಯೇ ತೋರಿಸಿದಳು. ಒಂದು ಗಿಡ್ಡ, ದಪ್ಪ, ಉಬ್ಬಿಕೊಂಡದ್ದು. ಒಳ ಅಂಚಿನಲ್ಲಿ ಮೊಂಡು ದವಡೆಹಲ್ಲುಗಳು. ಅದು ಕ್ರಷರ್, ಚಿಪ್ಪು ಪುಡಿ ಮಾಡಲು. ಇನ್ನೊಂದು ಸಪೂರ, ಉದ್ದ. ಸಣ್ಣ ಚೂಪು ಹಲ್ಲುಗಳ ಸಾಲು, ನಡುನಡುವೆ ಸ್ಪರ್ಶ ತಿಳಿಯುವ ಕೂದಲಿನ ಗೊಂಚಲು. ಅದು ಕಟ್ಟರ್, ಹಿಡಿದು ಹರಿಯಲು. ಹೊರಗಿನ ಆಕಾರಕ್ಕಿಂತ ಒಳಗಿನ ವ್ಯತ್ಯಾಸ ಇನ್ನೂ ಸೊಗಸು. ಕ್ರಷರಿನ ಮುಚ್ಚುವ ಸ್ನಾಯುವಿನಲ್ಲಿ ಇರುವುದೆಲ್ಲ ನಿಧಾನಕ್ಕೆ ಎಳೆಯುವ ನಾರು. ಮೆಲ್ಲಗೆ ಹಿಡಿಯುತ್ತದೆ, ಆದರೆ ಬಿಡದೆ ಒತ್ತುತ್ತದೆ. ಕಟ್ಟರಿನಲ್ಲಿ ಹೆಚ್ಚಿನದು ವೇಗದ ನಾರು, ಕೆಳಬದಿಯ ಒಂದು ಪಟ್ಟಿ ಮಾತ್ರ ನಿಧಾನದ್ದು. ಬೆರಳಿಗೆ ಎರವಾಗುವುದು ಹೆಚ್ಚಾಗಿ ಆ ಸಪೂರದ್ದೇ, ಏಕೆಂದರೆ ಅದು ಬಂದದ್ದು ಗೊತ್ತಾಗುವಷ್ಟರಲ್ಲಿ ಕಚ್ಚಿ ಆಗಿರುತ್ತದೆ.

ಕಚ್ಚುವ ಬಾಯಲ್ಲಿ ಆಡುವುದು ಒಂದೇ ಬೆರಳು, ಮೇಲಿನದ್ದು. ಅದನ್ನು ಡ್ಯಾಕ್ಟೈಲ್ ಎನ್ನುತ್ತೇವೆ. ಅಂಗೈಯೂ ಅದರ ಜೊತೆಗೇ ಚಾಚಿದ ಅಲ್ಲಾಡದ ಬೆರಳೂ ಸೇರಿ ಪ್ರೊಪೋಡಸ್. ಒಳಗೆ ಎರಡು ಸ್ನಾಯು: ಬಾಯಿ ಮುಚ್ಚುವುದು ಅಂಗೈ ತುಂಬ ಇದೆ, ತೆರೆಯುವುದು ಒಂದು ಮೂಲೆಯಲ್ಲಿ ಸಣ್ಣಗೆ. ಆದ್ದರಿಂದಲೇ ಇಷ್ಟು ಬಲದ ಪ್ರಾಣಿಯನ್ನು ಒಂದು ರಬ್ಬರ್ ಬ್ಯಾಂಡ್ ಹಿಡಿದಿಡುತ್ತದೆ. ಮುಚ್ಚುವ ಬಲ ಎಷ್ಟಿದ್ದರೇನು, ತೆರೆಯಲು ತ್ರಾಣ ಇಲ್ಲವಲ್ಲ. ಹಿಂದೆ ಬ್ಯಾಂಡಿನ ಬದಲು ಕೀಲಿಗೆ ಮರದ ಗೂಟ ಹೊಡೆಯುತ್ತಿದ್ದರು, ಆ ಗಾಯದ ಸುತ್ತ ಮಾಂಸ ಕೆಡುತ್ತಿತ್ತು. ಈಗ ಇಕ್ಕಳದಂಥದ್ದೇ ಒಂದು ಸಾಧನದಿಂದ ಬ್ಯಾಂಡ್ ಅಗಲಿಸಿ ತೊಡಿಸುತ್ತಾರೆ. ಸವಾರರಿಗೂ ಮಾಡಲು ಬಿಡುತ್ತಾರೆ. ಕೇಳಿ ಮಾಡಿ, ಬಿಡಬೇಡಿ.

ನನ್ನ ಬೀಗಿತ್ತಿ ಇಲ್ಲೇ ಒಳ್ಳೆಯ ಪ್ರಶ್ನೆ ಎತ್ತಿದರು.

“ಅಲ್ಲಾ ರೀ, ಇದಕ್ಕೆ ಬಲಗಡೆ ದಪ್ಪ, ಆಗ ಬಂದಿದ್ದಕ್ಕೆ ಎಡಗಡೆ ದಪ್ಪ ಇತ್ತಲ್ವಾ? ನಮ್ಮ ಹಾಗೆ ಎಡಚ ಬಲಚ ಇರುತ್ತಾ ಇದರಲ್ಲೂ?”

ಮಗಳು ಇಂಗ್ಲಿಷಿಗೆ ತಂದು ಕೇಳಿದಳು. ಹುಡುಗಿ, ಹೌದು, ನಮ್ಮಂತೆಯೇ, ಅರ್ಧಕ್ಕರ್ಧ, ಹುಟ್ಟುತ್ತಲೇ ನಿರ್ಧಾರ ಆಗಿರುತ್ತದೆ ಎಂದಳು. ಅರ್ಧಕ್ಕರ್ಧ ಎನ್ನುವುದು ಸರಿ. ಹುಟ್ಟುತ್ತಲೇ ಎನ್ನುವುದು ತಪ್ಪು. ಒಂದು ನಕ್ಷತ್ರದಲ್ಲಿ ಅರ್ಧ ಕಳೆದದ್ದು ಇದಕ್ಕೆ. ಇಡೀ ಪ್ರಾಣಿಯ ಅತಿ ಸ್ವಾರಸ್ಯದ ಕತೆಯೇ ಅಲ್ಲಿದೆ, ಅದನ್ನು ಒಂದು ವಾಕ್ಯದಲ್ಲಿ ಮುಚ್ಚಿಬಿಟ್ಟರು.

ಮೊಟ್ಟೆಯೊಡೆದು ಬಂದ ಮರಿ ಮೂರು ಹಂತಗಳ ತನಕ ನೀರಿನಲ್ಲಿ ತೇಲುತ್ತದೆ. ನಾಲ್ಕನೆಯ ಹಂತದಲ್ಲಿ ಲಾಬ್‌ಸ್ಟರಿನ ರೂಪ ಬರುತ್ತದೆ, ಅರ್ಧ ಇಂಚಿನಷ್ಟು ಉದ್ದ, ಆಗ ತಳಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಎರಡೂ ಇಕ್ಕಳ ಒಂದೇ ಅಳತೆ, ಎರಡೂ ಸಪೂರ. ಯಾವುದು ಕ್ರಷರ್ ಆಗಬೇಕೆಂಬುದು ನಾಲ್ಕು ಮತ್ತು ಐದನೆಯ ಹಂತದಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನ ಮಾಡುವುದು ಬಳಕೆ. 1908ರಲ್ಲಿ ವಿಕ್ಟರ್ ಎಮ್ಮೆಲ್ ಎಂಬಾತ ಬೇರೆ ಬೇರೆ ಹಂತಗಳಲ್ಲಿ ಒಂದು ಇಕ್ಕಳ ತೆಗೆದು, ಮರಿಯ ವಯಸ್ಸಿನಲ್ಲಾದರೆ ಎಡಬಲವನ್ನು ನಾವೇ ಬದಲಿಸಬಹುದು, ಆ ಹಂತ ದಾಟಿದ ಮೇಲೆ ಆಗದು ಎಂದು ತೋರಿಸಿದ್ದ. ಆಮೇಲೆ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸಿ.ಕೆ. ಗೋವಿಂದ್ ಮತ್ತು ಜೋಆನ್ ಪಿಯರ್ಸ್ ಮಾಡಿದ ಪ್ರಯೋಗಗಳನ್ನು ನಾನು ತರಗತಿಯಲ್ಲಿ ಪಠ್ಯದಲ್ಲಿಲ್ಲದಿದ್ದರೂ ಹೇಳುತ್ತಿದ್ದೆ. ನುಣ್ಣನೆಯ ಖಾಲಿ ಪಾತ್ರೆಯಲ್ಲಿ, ಹಿಡಿಯಲು ಏನೂ ಇಲ್ಲದಂತೆ ಬೆಳೆಸಿದ ಮರಿಗಳಿಗೆ ಎರಡೂ ಕಡೆ ಕಟ್ಟರೇ ಬಂತು. ಸಿಂಪಿಚಿಪ್ಪಿನ ಚೂರು ಹಾಕಿ ಬೆಳೆಸಿದವಕ್ಕೆ ಒಂದು ಕ್ರಷರ್, ಒಂದು ಕಟ್ಟರ್. ಖಾಲಿ ಪಾತ್ರೆಯ ಮರಿಗೇ ಒಂದು ಬದಿಯ ಇಕ್ಕಳಕ್ಕೆ ಕುಂಚ ತಾಗಿಸಿ ತಾಗಿಸಿ ವ್ಯಾಯಾಮ ಮಾಡಿಸಿದರೆ ಆ ಬದಿಯದ್ದು ಕ್ರಷರ್ ಆಯಿತು. ಇಲ್ಲಿಯ ತನಕ ಯಾರೂ ಊಹಿಸಬಹುದು. ಎರಡಕ್ಕೂ ಸಮನಾಗಿ ವ್ಯಾಯಾಮ ಮಾಡಿಸಿದರೆ? ಎರಡೂ ಕ್ರಷರ್ ಆಗಲಿಲ್ಲ, ಎರಡೂ ಕಟ್ಟರ್ ಆಗಿಯೇ ಉಳಿದವು. 1986ರ ಪ್ರಬಂಧದಲ್ಲಿ ಅವರು ಕೊಟ್ಟ ವಿವರಣೆ ಹೀಗೆ: ಎಷ್ಟು ಬಳಸಿತು ಎನ್ನುವುದಲ್ಲ, ಒಂದು ಬದಿ ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಎನ್ನುವುದೇ ಮುಖ್ಯ. ಹೆಚ್ಚು ಸಂದೇಶ ನರಗಳಿಂದ ಬಂದ ಬದಿ ಕ್ರಷರ್ ಆಗುತ್ತದೆ, ಆಗುವಾಗ ಎದುರು ಬದಿ ಹಾಗಾಗದಂತೆ ತಡೆಯುತ್ತದೆ. ಎರಡೂ ಕ್ರಷರ್ ಇರುವ ಲಾಬ್‌ಸ್ಟರ್ ಕಡಲಿನಲ್ಲಿ ಬಹಳ ಅಪರೂಪ ಎನ್ನುವುದಕ್ಕೂ ಇದು ಹೊಂದುತ್ತದೆ.

ಎಂದರೆ ಆ ಎಡಚ ಲಾಬ್‌ಸ್ಟರ್ ಎಡಚನಾಗಿ ಹುಟ್ಟಲಿಲ್ಲ. ಅರ್ಧ ಇಂಚಿನ ವಯಸ್ಸಿನಲ್ಲಿ ಕಲ್ಲಿನ ಸಂದಿಯಲ್ಲಿ ಎಡಗಡೆಯಿಂದ ನಾಲ್ಕು ಬಾರಿ ಹೆಚ್ಚಿಗೆ ಏನನ್ನೋ ಹಿಡಿದಿರಬೇಕು. ಹುಡುಗಿ ಕಾಲೇಜು ಓದುತ್ತಿದ್ದಾಳಂತೆ, ಬೇಸಿಗೆ ಕೆಲಸ, ಅವಳ ಮೇಲೆ ಸಿಟ್ಟಿಲ್ಲ. ದೋಣಿಯವರು ಅವಳ ಕೈಗೆ ಕೊಟ್ಟ ಪಾಠ ಹಾಗಿದೆ. ಇದನ್ನು ಸರಿಪಡಿಸಲು ಎರಡು ನಿಮಿಷ ಸಾಕು, ಅದೂ ಸವಾರರು ಬಾಯಿ ಬಿಟ್ಟು ಕೇಳುವ ಎರಡು ನಿಮಿಷ.

ಆಮೇಲೆ ಬಂದ ಬೋನಿನಲ್ಲಿ ಒಂದು ಚಿಕ್ಕದು ಇತ್ತು, ಅಳತೆಗೆ ಸಾಲದ್ದು. ಹುಡುಗಿ ಗೇಜ್ ಇಟ್ಟು ಎಸೆಯಲು ಕೈ ಎತ್ತಿದಾಗ ನಾನು “ಸ್ಟಾಪ್” ಎಂದು ಕೂಗಿದೆ, ಇಡೀ ದೋಣಿ ನನ್ನನ್ನು ನೋಡಿತು. ಎರಡೂ ಇಕ್ಕಳ ಸಪೂರ. ಹೊಸದಾಗಿ ಚಿಗುರಿದ್ದಾದರೆ ಅದು ಇನ್ನೊಂದಕ್ಕಿಂತ ಸಣ್ಣದಿರಬೇಕು, ಇವೆರಡೂ ಸಮ. ತಿರುಗಿಸಿ ತಿರುಗಿಸಿ ನೋಡಿದೆ, ಎರಡೂ ಕಡೆ ಚೂಪು ಹಲ್ಲು, ಒಂದರಲ್ಲೂ ಮೊಂಡು ದವಡೆ ಇಲ್ಲ. ಪುಸ್ತಕದಲ್ಲಿ ಮಾತ್ರ ಕಂಡದ್ದು ಕೈಗೆ ಸಿಕ್ಕಿತು. ಕ್ಯಾಪ್ಟನ್ ಹತ್ತಿರ ಬಂದು ನೋಡಿ, ಆಗೊಮ್ಮೆ ಈಗೊಮ್ಮೆ ಹೀಗೆ ಬರುತ್ತವೆ, ನಾವು ಲೆಕ್ಕಕ್ಕೆ ಇಡುವುದಿಲ್ಲ ಎಂದರು. ಅಷ್ಟು ಹೊತ್ತು ಎಂಜಿನ್ ನಿಲ್ಲಿಸಿ ಕಾದರು, ಒಂದು ಮಾತು ಗೊಣಗಲಿಲ್ಲ. ಕೊಟ್ಟ ನಾಲ್ಕು ನಕ್ಷತ್ರದಲ್ಲಿ ಒಂದು ಪೂರ್ತಿ ಅವರ ತಾಳ್ಮೆಗೆ. ಮೊಮ್ಮಗ ಫೋಟೊ ತೆಗೆದ, “ಅಮ್ಮಮ್ಮ, ಇದು ಸ್ಕೂಲಿಗೆ ಹೋಗದ ಲಾಬ್‌ಸ್ಟರಾ?” ಎಂದ. ಒಂದು ರೀತಿಯಲ್ಲಿ ಸರಿಯೇ.

ಒಂದೇ ಇಕ್ಕಳದವು ಬೇಕಾದಷ್ಟು ಬಂದವು. ಇವರ ಬಾಯಲ್ಲಿ ಅವು ಕಲ್. ಎರಡೂ ಇಲ್ಲದ್ದು ಬುಲೆಟ್. ಜಗಳದಲ್ಲೋ ಬೋನಿನ ತಂತಿಗೆ ಸಿಕ್ಕಿಯೋ ಹೋದದ್ದು ಎಂದರು. ಕಿತ್ತು ಹೋದದ್ದು ಎನ್ನುವುದಕ್ಕಿಂತ ಅದೇ ಬಿಟ್ಟುಕೊಟ್ಟದ್ದು ಎನ್ನಬೇಕು. ಬುಡದ ಹತ್ತಿರ, ಬೇಸಿಸ್ ಮತ್ತು ಇಸ್ಕಿಯಂ ಎಂಬ ಎರಡು ಗೆಣ್ಣು ಕೂಡುವ ಕಡೆ, ಮೊದಲೇ ಗೆರೆ ಎಳೆದಿಟ್ಟ ಜಾಗ ಇರುತ್ತದೆ. ಅಪಾಯ ಬಂದರೆ ಸ್ನಾಯು ಬಿಗಿದು ಅಲ್ಲೇ ಕತ್ತರಿಸಿಕೊಳ್ಳುತ್ತದೆ, ಒಳಗಿನ ಪೊರೆ ರಕ್ತ ನಿಲ್ಲಿಸುತ್ತದೆ. ಒಂದು ಕಲ್‌ನ ಬುಡದಲ್ಲಿ ಬೆರಳಿನ ಉಗುರಿನಷ್ಟು ಮೊಗ್ಗು ಇತ್ತು, ಪಾರದರ್ಶಕ, ಒಳಗೆ ಮಡಚಿಟ್ಟ ಪುಟ್ಟ ಇಕ್ಕಳ ಕಾಣುತ್ತಿತ್ತು. ಮುಂದಿನ ಸಲ ಹಾವಿನ ಹಾಗೆ ಪೊರೆ, ಎಂದರೆ ಹಳೆಯ ಚಿಪ್ಪು, ಕಳಚಿದಾಗ ಅದು ಬಿಚ್ಚಿಕೊಳ್ಳುತ್ತದೆ, ಆಮೇಲೆ ಪ್ರತಿ ಸಲ ದೊಡ್ಡದಾಗುತ್ತ ಹೋಗುತ್ತದೆ. ದೊಡ್ಡ ಲಾಬ್‌ಸ್ಟರ್ ವರ್ಷಕ್ಕೊಮ್ಮೆ ಪೊರೆ ಕಳಚಿದರೆ ಹೆಚ್ಚು. ಹಾಗಾಗಿ ಸಮ ಆಗಲು ವರ್ಷಗಳು ಬೇಕು. ಕ್ರಷರ್ ಹೋದಲ್ಲಿ ಕ್ರಷರೇ ಬರುತ್ತದೆ, ಎಡಬಲ ಬದಲಾಗದು. ಚಟಕ್ಕನೆ ಸದ್ದು ಮಾಡುವ ಆಲ್ಫಿಯಸ್ ಎಂಬ ಸಿಗಡಿಯಲ್ಲಿ ಇದು ಹಾಗಲ್ಲ. ಅದರ ದೊಡ್ಡ ಇಕ್ಕಳ ಹೋದರೆ ಉಳಿದ ಚಿಕ್ಕದೇ ದೊಡ್ಡದಾಗಿ, ಹೋದ ಜಾಗದಲ್ಲಿ ಚಿಕ್ಕದು ಬರುತ್ತದೆ. ಆಲ್ಫಿಯಸ್ ನಮ್ಮ ಕರಾವಳಿಯಲ್ಲೂ ಉಂಟು.

ಪೊರೆ ಕಳಚುವುದೇ ಒಂದು ಸಾಹಸ. ಅಷ್ಟು ದೊಡ್ಡ ಅಂಗೈಯ ಮಾಂಸ ಬುಡದ ಸಪೂರ ಗೆಣ್ಣುಗಳ ಮೂಲಕ ಹೊರಗೆ ಬರಬೇಕು, ಬಾಣಂತಿ ಕೈಯಿಂದ ಮದುವೆಯ ಬಳೆ ತೆಗೆಯುವ ಹಾಗೆ. ಅದಕ್ಕೆ ಮೊದಲೇ ಇಕ್ಕಳದ ಮಾಂಸ ಕುಗ್ಗುತ್ತದೆ, ರಕ್ತ ಹಿಂದೆ ಸರಿಯುತ್ತದೆ. ಕಳಚಿದ ಮೇಲೆ ನೀರು ಹೀರಿ ಉಬ್ಬಿ, ಕೆಲವು ದಿನ ಮೈಯೆಲ್ಲ ಮೆತ್ತಗೆ. ಆ ಮೆತ್ತನೆಯ ದಿನಗಳಲ್ಲಿ ಇಕ್ಕಳಕ್ಕೆ ಪೆಟ್ಟು ಬಿದ್ದರೆ ಏನಾಗಬಹುದು ಎನ್ನುವುದಕ್ಕೆ ಸಾಕ್ಷಿ ಟಿಕೆಟ್ ಕೊಡುವ ಗೂಡಿನಲ್ಲೇ ಇತ್ತು.

ಹಿಂದಿರುಗಿದ ಮೇಲೆ ನೋಡಿದ್ದು. ಗಾಜಿನ ಪೆಟ್ಟಿಗೆಯಲ್ಲಿ ಒಣಗಿಸಿಟ್ಟ ಒಂದು ಕಟ್ಟರ್. ಆಡುವ ಬೆರಳು ಸರಿಯಾಗಿದೆ. ಅಲ್ಲಾಡದ ಬೆರಳಿನ ಪಕ್ಕದಿಂದ ಇನ್ನೆರಡು ಬೆರಳು ಕವಲೊಡೆದು, ಒಂದಕ್ಕೊಂದು ಮುಖ ಮಾಡಿ ನಿಂತಿವೆ, ಎರಡಕ್ಕೂ ಹಲ್ಲಿನ ಸಾಲು. ಕೆಳಗೆ ಚೀಟಿ: ಮಾಲಿನ್ಯದಿಂದ ಹುಟ್ಟಿದ ಮ್ಯೂಟೆಂಟ್ (ಹುಟ್ಟುಗುಣವೇ ಕೆಟ್ಟದ್ದು) ಎಂಬರ್ಥದ ಸಾಲು, ಪಕ್ಕದಲ್ಲಿ ತಲೆಬುರುಡೆಯ ಚಿತ್ರ. ಉಳಿದ ಅರ್ಧ ನಕ್ಷತ್ರ ಈ ಚೀಟಿಗೆ ಹೋಯಿತು. ಒಣಗಿದ ಒಂದು ಇಕ್ಕಳ ನೋಡಿ ಹುಟ್ಟುಗುಣವೋ ಗಾಯವೋ ಎಂದು ಯಾರೂ ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಮಾಲಿನ್ಯ ಎಂದು ಬರೆಯಲು ಏನಾದರೂ ಆಧಾರ ಬೇಡವೇ? ಇಂಥ ಇಕ್ಕಳಗಳನ್ನು 1890ರ ದಶಕದಲ್ಲೇ ಚಿತ್ರ ಬರೆದು ಅಚ್ಚು ಹಾಕಿದ್ದಾರೆ. ಅಮೆರಿಕದಲ್ಲಿ ಲಾಬ್‌ಸ್ಟರಿಗೆ ಜೀವಮಾನ ಸವೆಸಿದ ಫ್ರಾನ್ಸಿಸ್ ಹೆರಿಕ್ ವಿಕಾರ ಇಕ್ಕಳಗಳನ್ನು ಕೂಡಿಸಿ ವಿವರಿಸಿದರು. ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1894ರಲ್ಲಿ ಏಡಿ, ಲಾಬ್‌ಸ್ಟರುಗಳ ಹೆಚ್ಚುವರಿ ಬೆರಳುಗಳನ್ನೆಲ್ಲ ಜೋಡಿಸಿ ನೋಡಿ ಒಂದು ನಿಯಮ ಕಂಡರು. ಹೆಚ್ಚುವರಿ ಅಂಗ ಸಾಮಾನ್ಯವಾಗಿ ಒಂಟಿಯಾಗಿ ಬರದು, ಜೋಡಿಯಾಗಿ ಬರುತ್ತದೆ. ಸಹಜ ಬೆರಳಿಗೆ ಪಕ್ಕದ್ದು ಕನ್ನಡಿಯ ಬಿಂಬ, ಆ ಪಕ್ಕದ್ದಕ್ಕೆ ಮೂರನೆಯದು ಕನ್ನಡಿಯ ಬಿಂಬ. ಪೆಟ್ಟಿಗೆಯಲ್ಲಿದ್ದದ್ದು ಅಕ್ಷರಶಃ ಅದೇ. ಸವಾರರನ್ನು ಗಾಜಿನ ಮುಂದೆ ನಿಲ್ಲಿಸಿ, ಹಲ್ಲು ಯಾವ ಕಡೆಗೆ ತಿರುಗಿದೆ ನೋಡಿ ಎಂದು ಹೇಳಿದ್ದರೆ ತಲೆಬುರುಡೆ ಬೇಕಾಗುತ್ತಿರಲಿಲ್ಲ.

ಯಾಕೆ ಜೋಡಿಯಾಗಿಯೇ ಎನ್ನುವುದಕ್ಕೆ ಬಹಳ ಕಾಲ ಉತ್ತರ ಇರಲಿಲ್ಲ. ಜಿರಲೆಯ ಎಡಗಾಲಿನ ತುದಿಯನ್ನು ಬಲಗಾಲಿನ ಬುಡಕ್ಕೆ ಕಸಿ ಮಾಡಿದರೆ ಎರಡು ಹೆಚ್ಚುವರಿ ಕಾಲು ಚಿಗುರುವುದನ್ನು ಕಂಡವರು ಒಂದು ದಾರಿ ತೋರಿಸಿದರು, 1976ರಲ್ಲಿ ಫ್ರೆಂಚ್ ಎಂಬ ಹೆಸರಿನವರೊಬ್ಬರು ಮತ್ತು ಬ್ರಯಂಟ್ ದಂಪತಿ ಅದನ್ನು ಒಂದು ಮಾದರಿಯಾಗಿ ಬರೆದರು. ಸರಳವಾಗಿ ಹೇಳುವುದಾದರೆ ಕಾಲಿನ ಸುತ್ತಲಿನ ಪ್ರತಿ ಜೀವಕೋಶಕ್ಕೂ ತಾನು ಯಾವ ಬದಿಯದ್ದೆಂಬ ಗುರುತು ಇರುತ್ತದೆ. ಗಾಯದಲ್ಲಿ ಅಕ್ಕಪಕ್ಕ ಇರಬಾರದ ಎರಡು ಬದಿಗಳು ತಾಗಿದರೆ ನಡುವೆ ತಪ್ಪಿದ್ದನ್ನೆಲ್ಲ ತುಂಬಲು ಬೆಳವಣಿಗೆ ಶುರುವಾಗುತ್ತದೆ. ತುಂಬುತ್ತ ತುಂಬುತ್ತ ಪೂರ್ತಿ ಸುತ್ತು ಆದಲ್ಲೆಲ್ಲ ಹೊಸ ಬೆರಳು ಹೊರಡುತ್ತದೆ. ಕೆಟ್ಟದ್ದು ಬೆಳೆಯಲಿಲ್ಲ, ಸರಿಪಡಿಸುವ ಕೆಲಸವೇ ಒಂದು ಸುತ್ತು ಹೆಚ್ಚಾಯಿತು. ಇದಕ್ಕಿಂತಲೂ ವಿಚಿತ್ರದ್ದು ನಮ್ಮ ಮುಳ್ಳುಮೈಯ ಲಾಬ್‌ಸ್ಟರಿನ ಬಳಗದಲ್ಲೇ ಸಿಕ್ಕಿದೆ. 1864ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಮಿಲ್ನ್ ಎಡ್ವರ್ಡ್ಸ್ ವಿವರಿಸಿದ ಒಂದಕ್ಕೆ ಕಣ್ಣಿನ ಕಾಂಡದ ಮೇಲೆ ಮೀಸೆ ಬೆಳೆದಿತ್ತು.

ಹುಡುಗಿ ಮಾತ್ರ ಒಂದು ಒಳ್ಳೆಯದು ಹೇಳಿದಳು. 2013ರಲ್ಲಿ ಮಸಾಚುಸೆಟ್ಸ್‌ನ ಹಯಾನಿಸ್ ಆಚೆಯ ಕಡಲಿನಲ್ಲಿ ಆರು ಇಕ್ಕಳದ ಲಾಬ್‌ಸ್ಟರ್ ಸಿಕ್ಕಿ, ಅದಕ್ಕೆ ಲೋಲಾ ಎಂದು ಹೆಸರಿಟ್ಟು ಬೂತ್‌ಬೇ ಹಾರ್ಬರಿನ ಮೇನ್ ಸ್ಟೇಟ್ ಅಕ್ವೇರಿಯಮ್ಮಿಗೆ ಕೊಟ್ಟಿದ್ದರು. ಒಂದು ಬದಿ ಸಹಜ, ಇನ್ನೊಂದು ಬದಿಯ ಒಂದೇ ಕೈಯಲ್ಲಿ ಐದು. ಅದರ ಫೋಟೊ ಫೋನಿನಲ್ಲಿ ತೋರಿಸಿದಳು. ಪೆಟ್ಟಿಗೆಯಲ್ಲಿ ಆ ಚೀಟಿಯ ಬದಲು ಇದೇ ಇರಬಹುದಿತ್ತು.

ಊಟದ ಮಾತು ಬೇಗ ಮುಗಿಸುತ್ತೇನೆ. ಹಿಡಿದದ್ದನ್ನು ದೋಣಿಯ ದರಕ್ಕೆ ಕೊಂಡರೆ ಪಕ್ಕದ ಹೋಟೆಲಿನವರು ಬೇಯಿಸಿ ಕೊಡುತ್ತಾರೆ, ಜೊತೆಗೆ ಜೋಳ, ಆಲೂಗಡ್ಡೆ, ಕರಗಿಸಿದ ಬೆಣ್ಣೆ. ನಮ್ಮದು ಬೆಂದದ್ದು ಹೆಚ್ಚಾಗಿ ಬಾಲ ರಬ್ಬರಾಗಿತ್ತು. ಇಕ್ಕಳ ಮಾತ್ರ ಚೆನ್ನಾಗಿತ್ತು. ಇಕ್ಕಳದ ಮಾಂಸದ ನಡುವೆ ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಸಿಕ್ಕರೆ ಗಾಬರಿ ಬೇಡ, ಅದು ಸ್ನಾಯುವನ್ನು ಬೆರಳಿಗೆ ಕಟ್ಟುವ ಅಪೋಡೀಮ್, ಎಳೆದು ಬದಿಗಿಡಿ. ಮಾಂಸಕ್ಕೆ ಅಂಟಿದ ಬಿಳಿ ಕೆನೆ ಬೆಂದು ಹೆಪ್ಪುಗಟ್ಟಿದ ರಕ್ತ, ಹಾಳಾದದ್ದಲ್ಲ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಹೆಚ್ಚಿನವು ಹೊಸ ಚಿಪ್ಪಿನವು: ಕೈಯಲ್ಲೇ ಒಡೆಯಬಹುದು, ರುಚಿ ಸಿಹಿ, ಆದರೆ ಚಿಪ್ಪಿನೊಳಗೆ ನೀರೇ ಜಾಸ್ತಿ. ತೂಕಕ್ಕೆ ತಕ್ಕ ಮಾಂಸ ಬೇಕೆಂದರೆ ಗಟ್ಟಿ ಚಿಪ್ಪಿನದ್ದು ಕೇಳಿ, ದರ ಜಾಸ್ತಿ. ಬೀಗಿತ್ತಿಗೆ ಅಲ್ಲಿ ಸಿಕ್ಕಿದ್ದು ಜೋಳ, ಸಲಾಡ್ ಮಾತ್ರ. ಬರುವಾಗ ಮೊಸರನ್ನ ಕಟ್ಟಿಕೊಂಡು ಬಂದಿದ್ದರು, ಪುಣ್ಯ.

ನನ್ನ ಸಲಹೆ ಕೇಳುವುದಾದರೆ ಹೋಟೆಲಿನ ಆ ಪ್ಯಾಕೇಜು ಬಿಡಿ. ಧಕ್ಕೆಯಲ್ಲೇ ಮಾರುವವರ ಹತ್ತಿರ ಕಲ್ ಇದೆಯಾ ಎಂದು ಕೇಳಿ. ಒಂದು ಇಕ್ಕಳ ಇಲ್ಲ ಎಂಬ ಒಂದೇ ಕಾರಣಕ್ಕೆ ಪೌಂಡಿಗೆ ಕಡಿಮೆ ದರ, ಬಾಲ ಅಷ್ಟೇ ಇರುತ್ತದೆ. ಸುಕ್ಕ ಮಾಡುವವರಿಗೆ ತಟ್ಟೆಯ ಅಂದ ಯಾಕೆ ಬೇಕು? ಕ್ರಷರ್ ಉಳಿದದ್ದನ್ನೇ ಆರಿಸಿಕೊಳ್ಳಿ, ಅದರಲ್ಲಿ ಮಾಂಸ ಹೆಚ್ಚು. ಬಾಸ್ಟನ್ನಿನ ತನಕ ತರುವುದಾದರೆ ಒದ್ದೆ ಪೇಪರಿನಲ್ಲಿ ಸುತ್ತಿ ಐಸಿನ ಡಬ್ಬಿಯಲ್ಲಿಡಿ, ಸಿಹಿನೀರಿಗೆ ಹಾಕಬೇಡಿ, ಸಾಯುತ್ತವೆ. ಐಸು ಕರಗಿದ ನೀರು ನಿಲ್ಲದಂತೆಯೂ ನೋಡಿಕೊಳ್ಳಿ. ನಾನು ಮಗಳ ಮನೆಯಲ್ಲಿ ಮಾಡಿದ್ದು ಬೇಯಿಸಿ ಬಿಡಿಸಿ, ಹುರಿದ ಕೊತ್ತಂಬರಿ, ಮೆಣಸು, ಕಾಯಿತುರಿ ಹಾಕಿ. ಇಕ್ಕಳದ ಮಾಂಸ ಬೇಗ ಒಡೆಯುತ್ತದೆ, ಕಡೆಗೆ ಹಾಕಿ ಒಂದು ಸಲ ಕೈಯಾಡಿಸಿ ಇಳಿಸಿಬಿಡಿ. ತಲೆಯೊಳಗೆ ಹಸಿರಾಗಿ ಕಾಣುವ ಟೊಮಾಲಿ ತೆಗೆದು ಬಿಸಾಡಿ. ಏಡಿಯ ತಲೆ ಚೀಪಿದವರಿಗೆ ಅದು ರುಚಿಯೇ ಅನಿಸಬಹುದು, ಆದರೆ ನೀರಿನ ವಿಷ ಬಂದು ಸೇರುವುದು ಅಲ್ಲಿಗೇ, ತಿನ್ನಬೇಡಿ ಎಂದು ಮೇನ್‌ನ ಆರೋಗ್ಯ ಇಲಾಖೆಯೇ ಹೇಳುತ್ತದೆ.